ಬರಿಗೋಡೆಯ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಹಿರಿಯರು, ಪರರು ಅರ್ಧ ಕಟ್ಟಿ ಬಿಟ್ಟ ಮನೆಯನ್ನು ಕೊಂಡು ಮುಗಿಸಿ ನೋಡು ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಅವರ ಕಾಲದಲ್ಲಿ ಅಂಥ ಪ್ರಸಂಗ ಬರುತ್ತಿರಲಿಲ್ಲವೆಂದು ತೋರುತ್ತದೆ. ನನಗೆ ಬಂದಿತು. ಮೈಸೂರಿನ ಹೊರಬದಿಯಲ್ಲಿ ಎದ್ದ ಹೊಸ ಮಹಡಿಮನೆಯೊಂದರ ನಾಲ್ಕನೆಯ ಅಂತಸ್ತಿನಲ್ಲಿ, 600 ಚದರಡಿಯ ಒಂದು ಪುಟ್ಟ ಬಿಡಾರವನ್ನು ನಾನು ನಿವೃತ್ತಿಯ ಹಣದಿಂದ ಬರಿದಾಗಿಯೇ ಕೊಂಡೆನು.

ಬರಿದು ಎಂದರೆ ಎಷ್ಟು ಬರಿದು ಎಂಬುದನ್ನು ವಾಚಕರಲ್ಲಿ ಅರಿಕೆಮಾಡಬೇಕು. ಮೇಲೊಂದು ಕಾಂಕ್ರೀಟಿನ ಹಲಗೆ, ಕೆಳಗೊಂದು ಕಾಂಕ್ರೀಟಿನ ಹಲಗೆ, ನಡುವೆ ಸಾರಣೆ ಕಾಣದ ಸಿಮೆಂಟು ಇಟ್ಟಿಗೆಯ ಗೋಡೆಗಳು, ಒಂದು ತಲೆಬಾಗಿಲು, ಕಿಟಕಿಗಳ ಚೌಕಟ್ಟು, ಅಲ್ಲಲ್ಲಿ ಬಾಯಿ ತೆರೆದುಕೊಂಡ ಕೊಳವೆಗಳು. ನೆಲವಿಲ್ಲ, ದೀಪವಿಲ್ಲ, ನಲ್ಲಿಯಿಲ್ಲ. ಚೀನಾ ಮತ್ತು ರಷ್ಯಾ ದೇಶಗಳಲ್ಲಿ ಹೊಸ ಮನೆಗಳನ್ನು ಹೀಗೆ ಮಾರುವ ಪದ್ಧತಿ ಬಹಳ ಕಾಲದಿಂದ ಇದೆ. ನಮ್ಮಲ್ಲಿ ನೆಲ ಹಾಸಿ, ಬಣ್ಣ ಬಳಿದು ಕೊಡುವುದೇ ವಾಡಿಕೆ. ವಾಡಿಕೆಯನ್ನು ಬಿಟ್ಟು ನಾನು ಹೀಗೆ ಕೊಂಡುದಕ್ಕೆ ಬೆಲೆಯ ಇಳಿತಾಯ ಒಂದು ಕಾರಣ. ಎರಡನೆಯ ಮತ್ತು ದೊಡ್ಡ ಕಾರಣ, ನಮ್ಮ ಅಕ್ಕ.

ಅಕ್ಕನಿಗೆ ಎಪ್ಪತ್ತೊಂಬತ್ತು ವರ್ಷ. ಊರಿನ ಹಳೆಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ, ನಾಲ್ಕು ಕಾಲಿನ ಊರುಗೋಲನ್ನು ಮುಂದಿಟ್ಟು ಒಂದೊಂದೇ ಹೆಜ್ಜೆ ನಡೆಯುತ್ತಾಳೆ. ಅವಳ ಕೋಣೆಯಿಂದ ಬಚ್ಚಲಿಗೆ ಐದು ಹೊಸ್ತಿಲು. ಊರುಗೋಲಿಗೆ ಹೊಸ್ತಿಲೆಂಬುದು ಪರ್ವತ. ನಮ್ಮೊಡನೆ ಬಂದಿರೆಂದು ಕರೆದಾಗ ಅವಳು ಹೇಳಿದ್ದು ಒಂದೇ ಮಾತು: “ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರುವ ಹಾಗಿದ್ದರೆ ಬರುತ್ತೇನೆ ಕಣೋ. ಇಲ್ಲದಿದ್ದರೆ ಇಲ್ಲಿಯೇ ಬಿದ್ದಿರುತ್ತೇನೆ.” ಸಿದ್ಧವಾದ ಮನೆಗಳನ್ನು ಹತ್ತಾರು ನೋಡಿದೆವು. ಎಲ್ಲ ಕಡೆಯೂ ಎರಡೂವರೆ ಅಡಿಯ ಬಚ್ಚಲ ಬಾಗಿಲು, ಅದರ ಬುಡದಲ್ಲಿ ಕಲ್ಲಿನ ಏರು. ಕಟ್ಟಿದುದನ್ನು ಒಡೆಯುವುದಕ್ಕಿಂತ ಕಟ್ಟದೆ ಇರುವುದನ್ನು ಕೊಳ್ಳುವುದು ಲೇಸೆಂದು ನಿಶ್ಚಯಿಸಿದೆವು.

ಕೆಲಸಕ್ಕೆ ಕೈಯಿಡುವ ಮೊದಲು, ಪರಿಚಯದ ಎಂಜಿನಿಯರೊಬ್ಬರು ಬಚ್ಚಲ ಹಳ್ಳದಲ್ಲಿ ನೀರು ಕಟ್ಟಿ ನಿಲ್ಲಿಸುವಂತೆ ಹೇಳಿದರು. ಮಹಡಿಮನೆಗಳಲ್ಲಿ ಬಚ್ಚಲಿನ ಹಲಗೆಯನ್ನು ಕೊಳವೆಗಳಿಗಾಗಿ ತುಸು ತಗ್ಗಿಸಿರುತ್ತಾರೆ. ಅದರ ಬಾಯಿಗಳನ್ನು ಮುಚ್ಚಿ, ಎರಡು ಅಂಗುಲ ನೀರು ತುಂಬಿ ಎರಡು ದಿನ ಬಿಟ್ಟೆವು. ಎರಡನೆಯ ದಿನ ಕೆಳಗಿನ ಮನೆಯ ಮಾಳಿಗೆಯಲ್ಲಿ ಅಂಗೈಯಗಲ ತೇವ ಕಾಣಿಸಿತು. ಕೊಳವೆಯು ಹಲಗೆಯನ್ನು ತೂರಿ ಇಳಿಯುವ ಕಡೆ ಸಂದು ಬಿಟ್ಟಿದ್ದಿತು. ಕಟ್ಟಿ ಮಾರಿದವರ ಕಡೆಯ ಮನುಷ್ಯನು ಬಂದು, ಟೈಲ್ಸು ಹಾಕಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂದನು. ಮುಚ್ಚಿಹೋಗುತ್ತದೆ ಎಂಬುದೇ ನಮ್ಮ ಭಯ ಎಂದು ನನ್ನ ಹೆಂಡತಿ ಉತ್ತರ ಕೊಟ್ಟಳು. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ ಪ್ರಕಾರ, ಮನೆ ವಶಕ್ಕೆ ಬಂದ 5 ವರ್ಷಗಳೊಳಗೆ ಕಟ್ಟಡದಲ್ಲಾಗಲಿ ಕೆಲಸಗಾರಿಕೆಯಲ್ಲಾಗಲಿ ದೋಷವನ್ನು ತೋರಿಸಿಕೊಟ್ಟರೆ, ಕಟ್ಟಿದವರು 30 ದಿನಗಳಲ್ಲಿ ತಮ್ಮ ಖರ್ಚಿನಿಂದಲೇ ಸರಿಪಡಿಸತಕ್ಕದ್ದು. ಕಾಯಿದೆಯನ್ನು ಹೆಸರಿಸಿ ಕಾಗದ ಬರೆದೆನು. ಸಂದು ಮುಚ್ಚಿತು. ಮತ್ತೆ ಎರಡು ದಿನ ನೀರು ನಿಲ್ಲಿಸಿ, ಕೆಳಮನೆಯ ಮಾಳಿಗೆ ಒಣಗಿಯೇ ಇರುವುದನ್ನು ಕಂಡ ಮೇಲೆಯೇ ಮುಂದಿನ ಕೆಲಸ.

ನಮ್ಮದು ಕಂಬ ತೊಲೆಗಳ ಚೌಕಟ್ಟಿನ ಕಟ್ಟಡ. ಭಾರವನ್ನೆಲ್ಲ ಹೊರುವುವು ಅವೇ. ಒಳಗಿನ ನಾಲ್ಕಂಗುಲದ ಗೋಡೆಗಳು ಬರಿಯ ಮರೆ. ಎಂಜಿನಿಯರು ನಕ್ಷೆ ನೋಡಿ ಒಪ್ಪಿದ ಮೇಲೆ ಮೇಸ್ತ್ರಿಯು ಬಚ್ಚಲ ಬಾಗಿಲನ್ನು ಮೂರಡಿಗೆ ಅಗಲಿಸಿ, ಮೇಲೊಂದು ಕಾಂಕ್ರೀಟಿನ ಪಟ್ಟಿ ಕೂರಿಸಿದನು. ವಿದ್ಯುತ್ತಿನ ತಂತಿಗಳ ಸರದಿ ಬಂದಾಗ ದೀಪಕ್ಕೆ 1.5, ಸಾಮಾನ್ಯ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಂದು ಗೊತ್ತುಮಾಡಿಕೊಂಡೆವು. ಇವುಗಳೊಡನೆ 30 ಮಿಲಿಯಾಂಪೇರಿನ ಒಂದು ಕಾವಲು ಸ್ವಿಚ್ಚು. ಹೋದ ವಿದ್ಯುತ್ತೆಲ್ಲ ಹಿಂದಿರುಗುತ್ತಿದೆಯೆ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಒದ್ದೆಯ ಕೈಯಿಂದಲೋ ಹಾಳಾದ ಗೀಸರಿನಿಂದಲೋ ಅಷ್ಟು ಸೋರಿತೆಂದರೆ ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಗೋಡೆ ಮುಚ್ಚುವ ಮುನ್ನ, ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು, ತಂತಿ ಕೊಳವೆಗಳ ದಾರಿಯನ್ನೆಲ್ಲ ಫೋಟೋ ತೆಗೆದಿಟ್ಟೆನು. ಮುಂದೆ ಯಾರಾದರೂ ಮೊಳೆ ಹೊಡೆಯುವಾಗ ಆ ಚಿತ್ರಗಳ ಬೆಲೆ ತಿಳಿದೀತು.

ಸಾರಣೆಯಾಯಿತು. ಏಳು ದಿನ ಹೊತ್ತುಹೊತ್ತಿಗೆ ಗೋಡೆಗಳಿಗೆ ನೀರುಣಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಅದು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ನೀರು ಬೇಗ ಆರಿದರೆ ಆ ಕೂಟವೇ ಅರ್ಧಕ್ಕೆ ನಿಂತು ಬಿರುಕು ಬಿಡುತ್ತದೆ. ನಾಲ್ಕು ದಶಕ ಹುಡುಗರಿಗೆ ಪಾಠ ಹೇಳಿದ ನನಗೆ ಈ ತತ್ತ್ವ ಅಪರಿಚಿತವೆನಿಸಲಿಲ್ಲ.

ಇಷ್ಟರಲ್ಲಿ ಹಣದ ಚೀಲ ಹಗುರವಾಗುತ್ತ ಬಂದಿತು. ಪರದೇಶದಲ್ಲಿರುವ ಮಗನು, “ಅಪ್ಪಾ, ಹಾಲಿಗೆ ಫಾಲ್ಸ್ ಸೀಲಿಂಗ್ ಇಲ್ಲದಿದ್ದರೆ ಮನೆಗೆ ಕಳೆಯೇ ಬರುವುದಿಲ್ಲ” ಎಂದನು. ಅವನ ಅಮ್ಮನಿಗೆ ಅಡಿಗೆಮನೆಯ ಗೋಡೆಯುದ್ದಕ್ಕೂ ಕಪಾಟುಗಳ ಆಸೆಯಿದ್ದಿತು. ಲೆಕ್ಕವನ್ನು ಮುಂದಿಟ್ಟುಕೊಂಡು ಮೂವರೂ ಮಾತನಾಡಿದೆವು. ಸೀಲಿಂಗನ್ನು ಕೈಬಿಟ್ಟೆವು; ಕಪಾಟುಗಳು ಅರ್ಧಕ್ಕೆ ಇಳಿದವು; ಅಡಿಗೆಕಟ್ಟೆಗೆ ಗ್ರಾನೈಟಿನ ಬದಲು ಕಡಪದ ಕಲ್ಲು ಬಂದಿತು. ಉಳಿದ ಹಣ ಬಚ್ಚಲಿಗೆ ಹೋಯಿತು. ಏರು ಇಲ್ಲದಿದ್ದರೆ ನೀರು ಕೋಣೆಗೆ ಹರಿಯದೆ? ಮೇಸ್ತ್ರಿಯ ಈ ಪ್ರಶ್ನೆ ನ್ಯಾಯವಾದದ್ದೇ. ಎಂಬತ್ತಕ್ಕೆ ಒಂದರಂತೆ ಐದಡಿಯ ನೆಲಕ್ಕೆ ಮುಕ್ಕಾಲು ಅಂಗುಲ ವಾಟ ಕೊಟ್ಟು, ಬಾಗಿಲ ಬುಡದಲ್ಲಿ ಉದ್ದನೆಯ ಜಾಲರಿಯ ಕಾಲುವೆಯೊಂದನ್ನು ಇಟ್ಟು, ರಸಮಟ್ಟದಿಂದ ನಾಲ್ಕು ಸಲ ನೋಡಿ, ಹೊಳಪಿಲ್ಲದ ಒರಟು ಟೈಲ್ಸು ಹಾಸಿದನು. ಗೋಡೆಗೆ ಹಿಡಿದುಕೊಳ್ಳುವ ಸರಳುಗಳು ಬಂದವು. ಸಣ್ಣ ಕೆಲಸವೆಂದು ಅವನು ಅಸಡ್ಡೆಮಾಡಲಿಲ್ಲ. ಅವನ ತಾಯಿಗೂ ಮಂಡಿನೋವಂತೆ.

ಮನೆ ಮುಗಿಯುವ ಹೊತ್ತಿಗೆ ಅಕ್ಕನಿಂದ ಹೊಸದೊಂದು ತಕರಾರು ಬಂದಿತು. ಎಲ್ಲ ಕಡೆಯೂ ನೆಲ ಒಂದೇ ಸಮ ಎಂದು ಕೇಳಿದವಳು, “ಹೊಸ್ತಿಲೇ ಇಲ್ಲದ್ದು ಮನೆ ಹೇಗಾದೀತು? ಅರಿಸಿನ ಕುಂಕುಮ ಎಲ್ಲಿಗೆ ಇಡಲಿ?” ಎಂದು ಕೇಳಿದಳು. ಕಾಲಿಗೆ ಬೇಡವಾದ ಹೊಸ್ತಿಲು ಅವಳ ಮನಸ್ಸಿಗೆ ಬೇಕಾಗಿದ್ದಿತು. ಇದನ್ನು ಮೂಢಭಾವನೆಯೆಂದು ತಳ್ಳಿಹಾಕುವುದು ನನ್ನಿಂದಾಗಲಿಲ್ಲ. ಬಡಗಿಯೇ ದಾರಿ ತೋರಿಸಿದನು. ತಲೆಬಾಗಿಲಿನಲ್ಲಿ ತೇಗದ ಪಟ್ಟಿಯೊಂದನ್ನು ಟೈಲ್ಸಿನ ಮಟ್ಟಕ್ಕೆ ಸರಿಯಾಗಿ ನೆಲದೊಳಗೆ ಕೂರಿಸಿದನು. ಕಣ್ಣಿಗೆ ಹೊಸ್ತಿಲು, ಊರುಗೋಲಿಗೆ ಬಯಲು. ಹೊಸತನವೆಲ್ಲ ಹಳತರ ವೈರಿಯೆಂದು ಮರುಗುವವರು ಇದನ್ನು ನೋಡಬೇಕು. ಊರಿನ ನಮ್ಮ ಮನೆಯ ಮಂಗಳೂರು ಹಂಚು ಕೂಡ ಒಂದು ಕಾಲಕ್ಕೆ ಹೊಸದೇ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ಸೋಗೆ ಹುಲ್ಲಿನ ಕೆಳಗೆ ಬಾಳಿದವರು, ಹಂಚು ಬಂದಿತೆಂದು ಮನೆತನವನ್ನು ಕಳೆದುಕೊಳ್ಳಲಿಲ್ಲ.

ಅಕ್ಕ ಬಂದಳು. ತೇಗದ ಪಟ್ಟಿಗೆ ಅರಿಸಿನ ಹಚ್ಚಿ, ಅದನ್ನು ದಾಟಿ, ಗೋಡೆ ಬಣ್ಣ ಯಾವುದನ್ನೂ ನೋಡದೆ ನೆಟ್ಟಗೆ ಬಚ್ಚಲಿನ ಕಡೆ ನಡೆದಳು. ಬಾಗಿಲ ಬಳಿ ಊರುಗೋಲಿನಿಂದ ನೆಲವನ್ನು ತಟ್ಟಿ ನೋಡಿದಳು. ಹೊಗಳಲಿಲ್ಲ, ಹೊಗಳುವ ಸ್ವಭಾವ ಅವಳದಲ್ಲ. ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ಊರುಗೋಲಿನ ಸಪ್ಪಳ ಕೇಳಿತು. ನನ್ನ ಹೆಂಡತಿ ಏಳಹೋದವಳು ನನ್ನ ಮುಖ ನೋಡಿ ಸುಮ್ಮನಾದಳು. ಸಪ್ಪಳ ಹೋಯಿತು, ನೀರಿನ ಸದ್ದು, ಬಾಗಿಲು, ಮತ್ತೆ ಅದೇ ನಿಧಾನದ ಸಪ್ಪಳ ಹಾಸಿಗೆಯವರೆಗೆ. ಅಕ್ಕ ದೀಪವಾರಿಸಿದ ಮೇಲೆ ನಾವೂ ಮಗ್ಗುಲಾದೆವು.

ಬರಿಗೋಡೆಯ ಮನೆ ಕೊಳ್ಳಲಿರುವ ವಾಚಕರಿಗೆ ನನ್ನ ಬಿನ್ನಹವಿಷ್ಟೆ. ಬಣ್ಣವನ್ನು ಇನ್ನೊಂದು ವರ್ಷ ಬದಲಾಯಿಸಬಹುದು. ಗೋಡೆಯೊಳಗಿನ ತಂತಿಯನ್ನೂ ನೆಲದೊಳಗಿನ ವಾಟವನ್ನೂ ಒಡೆಯದೆ ಬದಲಾಯಿಸಲಾರಿರಿ. ಆದುದರಿಂದ ಹಣ ಮೊದಲು ಅಲ್ಲಿಗೆ ಸಲ್ಲಲಿ. ಆ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅಳತೆಪಟ್ಟಿಯನ್ನು ಅವರ ಹೆಜ್ಜೆಯಿಂದಲೇ ಆರಂಭಿಸಿರಿ.