ಹಳಿಯ ಮಗ್ಗಲಿನ ಕೇಬಲ್

ರೋಣ, 8 ನವೆಂಬರ್ 2025, ಶನಿವಾರ

ಅವ್ವನನ್ನು ನೋಡಿ ಬರಲು ಬಾಗಲಕೋಟೆಗೆ ಹೋಗಿದ್ದೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ನನ್ನ ಅಂಗಡಿಗೆ ಬೀಗ ಹಾಕಿದರೂ ಗಿರಾಕಿಗಳ ಕೆಲಸ ಬೆನ್ನು ಬಿಡುವುದಿಲ್ಲ. ಪಹಣಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲ ಮೊಬೈಲಿಗೇ ಬಂದು ಬೀಳುತ್ತವೆ. ಮಲ್ಲಾಪುರ ನಿಲ್ದಾಣದಲ್ಲಿ ಗಾಡಿ ಹತ್ತುವಾಗ ಟವರ್ ಫುಲ್ ಇತ್ತು. ಊರು ದಾಟಿ ಎರಿ ಹೊಲಗಳ ನಡುವೆ ಬಂದದ್ದೇ ತಡ, ಒಂದು ಕಡ್ಡಿಯೂ ಉಳಿಯಲಿಲ್ಲ.

ಎದುರಿಗೆ ಕುಳಿತಿದ್ದ ಹುಡುಗಿ ನರಗುಂದದ ಕಡೆಯವಳು, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಆಧಾರ್‌ಗೆ ಜೋಡಿಸಿದ್ದು ಅಪ್ಪನ ನಂಬರು, ಅಪ್ಪ ಹೊಲದಲ್ಲಿ.

"ಅಪ್ಪಾ, ಮೆಸೇಜ್ ಬಂತೇನ? ಆರು ಅಂಕಿ ಅದಾವ ನೋಡು, ಒಂದೊಂದ ಹೇಳು."

"ನಾಕು... ಎಂಟು... ಸೊನ್ನಿ..." ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದಳು, ಹತ್ತಲಿಲ್ಲ. "ಅಕ್ಕಾರ, ಟೈಮ್ ಮುಗೀತ್ರಿ, ಇನ್ನೊಂದ ಓಟಿಪಿ ಕಳಸಬೇಕಂದ್ರ ನೆಟ್ಟ ಬರವಲ್ದು" ಎಂದಳು. ಅಂಗೈ ಬೆವರಿ ಫೋನಿನ ಗಾಜು ಮಬ್ಬಾಗಿತ್ತು. ದುಪಟ್ಟಾದಿಂದ ಒರೆಸಿ ಒರೆಸಿ ನೋಡುತ್ತಿದ್ದಳು. ಹೊಳೆಆಲೂರಿನಲ್ಲಿ ಗಾಡಿ ನಿಂತಾಗ ನೆಟ್ ಬಂತು. ಅಪ್ಪನೂ ಅಷ್ಟರಲ್ಲಿ ಒಡ್ಡಿನ ಮೇಲೇರಿ ನಿಂತಿದ್ದನಂತೆ. ಆರೂ ಅಂಕಿ ಕೂಡಿದವು, ಗಾಡಿ ಮಲಪ್ರಭೆ ದಾಟುವ ಹೊತ್ತಿಗೆ ಅರ್ಜಿಯೂ ಹೋಯಿತು. ಆಕೆಯ ಒಂದು ವರ್ಷದ ಫೀ ಆ ನಿಲುಗಡೆಯ ಮೇಲೆ ನಿಂತಿತ್ತು.

9 ನವೆಂಬರ್, ಭಾನುವಾರ

ರಾತ್ರಿಯಿಡೀ ಇದೇ ವಿಚಾರ. ನಮ್ಮ ಸೀಮೆಯಲ್ಲಿ ಊರಿಂದ ಊರಿಗೆ ದೂರ. ಕಂಪನಿಗಳು ಟವರ್ ಹಾಕಿದ್ದು ಊರುಗಳಿಗೆ, ಹಳಿಗಲ್ಲ. ಗಾಡಿ ಓಡುತ್ತಿದ್ದಂತೆ ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಡಬ್ಬಿಯಲ್ಲಿರುವ ನೂರಾರು ಫೋನುಗಳು ಒಮ್ಮೆಲೇ ಆ ದೂರದ ಟವರಿಗೆ ಮುಗಿಬೀಳುತ್ತವೆ. ಮೇಲೆ ಉಕ್ಕಿನ ಡಬ್ಬಿ ಬೇರೆ, ಬರುವ ಅಲೆಯನ್ನೂ ತಡೆಯುತ್ತದೆ. ಎ.ಸಿ. ಬೋಗಿಯ ಮುಚ್ಚಿದ ಗಾಜಿನೊಳಗೆ ಇನ್ನೂ ಕಷ್ಟ; ಜನರಲ್ ಡಬ್ಬಿಯವರಿಗೆ ತೆರೆದ ಕಿಟಕಿಯಾದರೂ ಇದೆ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. 2000ದಲ್ಲಿ ಹುಟ್ಟಿದ, ರೈಲ್ವೆಯದೇ ಕಂಪನಿಯಾದ ರೈಲ್‌ಟೆಲ್ ದೇಶದ ಹಳಿಗಳ ಉದ್ದಕ್ಕೂ ಆಪ್ಟಿಕಲ್ ಫೈಬರ್ ಹಾಸಿದೆ. ದೇಶದ ದೊಡ್ಡ ಇಂಟರ್‌ನೆಟ್ ದಾರಿಗಳಲ್ಲಿ ಅದೂ ಒಂದು. ಅಂದರೆ ನೆಟ್ಟು ಹಳಿಯ ಮಗ್ಗಲಿಗೇ ಹರಿಯುತ್ತದೆ, ಹಳಿಯ ಮೇಲೆ ಹೋಗುವವರಿಗೆ ಸಿಗುವುದಿಲ್ಲ. ಮಲಪ್ರಭೆ ಕಾಲುವೆ ಬದುವಿನಲ್ಲೇ ಹೋದರೂ ನೀರು ಕಾಣದ ಕೊನೆ ಭಾಗದ ರೈತನ ಪಾಡು ನರಗುಂದದವರಿಗೆ ಹೇಳಿಕೊಡಬೇಕಿಲ್ಲ.

14 ನವೆಂಬರ್, ಶುಕ್ರವಾರ

ಗದಗಿನಿಂದ ಹುಬ್ಬಳ್ಳಿಗೆ ಹೋಗುವಾಗ ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ಜೊತೆಯಾದರು. ಅವರ ಊರಿಗೆ ರೈಲಿಲ್ಲ. ಗದಗಿನವರೆಗೆ ಬಸ್ಸು, ಆಮೇಲೆ ಗಾಡಿ. ಕಳೆದ ಮೇ ತಿಂಗಳಲ್ಲಿ ನೆರೆಯ ಕುಷ್ಟಗಿಗೆ ರೈಲು ಬಂದದ್ದನ್ನು ಅವರು ಹೇಳುವಾಗ ದನಿಯಲ್ಲಿ ಖುಷಿಯೂ ಇತ್ತು, ಸಂಕಟವೂ ಇತ್ತು. ಸೀರೆಯ ಸೆರಗಿನ ಫೋಟೋ ಕಳಿಸಿದರೆ ಮಾತ್ರ ಬೆಳಗಾವಿಯ ಅಂಗಡಿಯವರು ಆರ್ಡರ್ ಕೊಡುತ್ತಾರಂತೆ. ಫೋಟೋದ ಮೇಲೆ ಚಕ್ರ ತಿರುಗುತ್ತಲೇ ಇತ್ತು.

"ಸ್ಟೇಶನ್ಯಾಗ ಪುಗಸಟ್ಟೆ ವೈಫೈ ಐತೆಲ್ಲರೀ ಕಾಕಾ" ಎಂದೆ. ಅದಕ್ಕೂ ಒಂದು ಚರಿತ್ರೆ ಇದೆ. 2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್‌ಟೆಲ್ ಸೇರಿ ಮುಂಬೈ ಸೆಂಟ್ರಲ್‌ನಲ್ಲಿ ಶುರು ಮಾಡಿ, 2018ರ ಹೊತ್ತಿಗೆ 400 ನಿಲ್ದಾಣ ಮುಟ್ಟಿಸಿದವು. 2020ರಲ್ಲಿ ಗೂಗಲ್ ಹಿಂದೆ ಸರಿಯುವುದಾಗಿ ಹೇಳಿತು, ರೈಲ್‌ಟೆಲ್ ಕೆಲಸ ಮುಂದುವರಿಸಿತು. ಈಗ ಸಾವಿರಾರು ನಿಲ್ದಾಣಗಳಲ್ಲಿ ದಿನಕ್ಕೆ ಮೊದಲ 30 ನಿಮಿಷ ಉಚಿತ. ಆದರೆ ಒಳಗೆ ಹೋಗಲು ನಂಬರು ಕೊಡಬೇಕು, ಓಟಿಪಿ ಬರಬೇಕು. ಟವರ್ ಇಲ್ಲದವನಿಗೇ ವೈಫೈ ಬೇಕು, ವೈಫೈಗೆ ಮೊದಲು ಟವರ್ ಬೇಕು! ಗಾಡಿ ಪ್ಲಾಟ್‌ಫಾರ್ಮ್ ಬಿಟ್ಟರೆ ಆ ವೈಫೈಯೂ ಹಿಂದೆ ಉಳಿಯುತ್ತದೆ.

16 ನವೆಂಬರ್, ಭಾನುವಾರ

ಅಂಗಡಿಗೆ ಬಂದ ಹುಡುಗರು "ಗಾಡಿಯೊಳಗ ವೈಫೈ ಕೊಡ್ಲಿ" ಅಂತ ಮನವಿ ಬರೆಯೋಣ ಎಂದರು. ನಾನು ಬೇಡವೆಂದೆ. ಹೌರಾ ರಾಜಧಾನಿಯಲ್ಲಿ ಉಪಗ್ರಹದ ಮೂಲಕ ಅದನ್ನು ಮಾಡಿ ನೋಡಿದ್ದಾರೆ. ಖರ್ಚು ವಿಪರೀತ, ವೇಗ ಸಾಲದು ಎಂದು ಕೈಬಿಟ್ಟದ್ದನ್ನು 2021ರಲ್ಲಿ ಸಂಸತ್ತಿನಲ್ಲೇ ಹೇಳಿದರು. ರಾಜಧಾನಿಗೇ ಆಗದ್ದು ನಮ್ಮ ಪ್ಯಾಸೆಂಜರ್ ಗಾಡಿಗೆ ಯಾವಾಗ ಬಂದೀತು?

ಕೇಳಬೇಕಾದದ್ದು ಟವರ್. ಅದೇ 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರೈಲ್ವೆಗೆ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ತರಂಗಾಂತರ ಕೊಟ್ಟಿದೆ. ಅದು ಚಾಲಕರ, ಸಿಗ್ನಲ್ಲಿನ, ಸುರಕ್ಷತೆಯ ಸಂಪರ್ಕಕ್ಕೆ, ಪ್ರಯಾಣಿಕರಿಗಲ್ಲ. ಆಗಲಿ, ಸುರಕ್ಷತೆ ಮೊದಲು. ಆದರೆ ಅದಕ್ಕೆ ಹಳಿಯ ಗುಂಟ ಟವರ್ ನಿಲ್ಲಿಸಲೇಬೇಕಲ್ಲ? ಅವೇ ಕಂಬಗಳ ಮೇಲೆ ಮೊಬೈಲ್ ಕಂಪನಿಗಳ ಆಂಟೆನಾಗಳಿಗೂ ಜಾಗ ಕೊಟ್ಟು, ಮಗ್ಗಲಲ್ಲೇ ಇರುವ ಫೈಬರ್ ಜೋಡಿಸಿದರೆ ನಮ್ಮ ಗದಗ–ಹೊಟಗಿ ದಾರಿಯಲ್ಲಿ ಜನರಲ್ ಡಬ್ಬಿಯ ಹುಡುಗಿಗೂ ನೆಟ್ಟು ಸಿಗುತ್ತದೆ.

ಮನವಿಯನ್ನು ಹಾಗೇ ಬರೆದೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಗೊಂದು ಪ್ರತಿ, ಸಂಸದರಿಗೊಂದು. ಸಹಿ ಹಾಕಿಸುವ ಕೆಲಸ ನರಗುಂದದಿಂದ ಶುರು ಮಾಡಬೇಕು, ಗಜೇಂದ್ರಗಡದ ಕಾಕಾರಿಗೂ ಒಂದು ಹಾಳೆ ಕೊಟ್ಟು ಬರಬೇಕು.