ಬಸವನಹುಳುವಿನ ಬಿಡಾರ

ಹಾಲಿಗೆ ನೀರು ಹಾಕುವವರನ್ನು ಬೈಯುವುದು ನಮ್ಮ ಮಧ್ಯಮವರ್ಗದ ನಿತ್ಯಕರ್ಮಗಳಲ್ಲೊಂದು. ಸ್ನಾನ ತಪ್ಪೀತು, ಇದು ತಪ್ಪದು. ಆದರೆ ಎಮ್ಮೆಯ ಹಾಲು ಬತ್ತಲು ಕೆರೆದಂಡೆಯ ಬಸವನಹುಳುವೂ ಕಾರಣವಾದೀತೆಂದರೆ ಎಷ್ಟು ಜನ ನಂಬಿಯಾರು?

ಪ್ರಾಣಿಶಾಸ್ತ್ರ ಓದಿದ ನನ್ನ ಗೆಳೆಯನೊಬ್ಬ ಒಂದು ಮುಂಜಾನೆ ಧಾರವಾಡದ ಕೆಲಗೇರಿ ಕೆರೆಯಲ್ಲಿ ಬಸವನಹುಳುಗಳನ್ನು ಆರಿಸುತ್ತಿದ್ದ. ಎಮ್ಮೆ ಮೈತೊಳೆಯಲು ಬಂದ ಗೌಳಿಗರ ಮುದುಕಿಗೆ ಕುತೂಹಲ. "ಯಾಕ್ರಿ ಸಾಹೇಬ್ರ, ಇವನ್ನ ತಿಂತೀರೇನ್ರಿ?"

"ಇಲ್ಲಬೇ ಯಮ್ಮಾ, ನಿನ್ನ ಎಮ್ಮೀನ ತಿನ್ನೋರು ಇದರಾಗ ಅದಾರೇನು ನೋಡಾಕ."

ಮನೆಗೆ ತಂದು ಒಂದೊಂದನ್ನು ಒಂದೊಂದು ಗಾಜಿನ ಲೋಟದ ನೀರಿನಲ್ಲಿ ಹಾಕಿ ಬಿಸಿಲಿಗಿಟ್ಟ. ಕೆಲಹೊತ್ತಿಗೆ ಒಂದು ಲೋಟದಲ್ಲಿ ಧೂಳಿನ ಕಣಗಳು ಈಜತೊಡಗಿದವು! ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದಕ್ಕೂ ಬಾಲ. ಬಾಲ ಒಂಟಿಯಾಗಿದ್ದು, ಮರಿ ಬೇಗನೆ ಗಾಜಿಗಂಟಿ, ಬಾಲ ಕಳಚಿ, ಕೋಶ ಕಟ್ಟಿಕೊಂಡರೆ ಅದು ಯಕೃತ್ತಿನ ಹುಳುವಿನದಿರಬಹುದು. ಅದರ ಬಿಡಾರ ಗೋಪುರದಂತೆ ಚೂಪಾದ ಚಿಪ್ಪಿನ ಬಸವನಹುಳು. ಬಾಲ ಕವಲೊಡೆದಿದ್ದರೆ ರಕ್ತನಾಳದಲ್ಲಿ ಬಾಳುವ ಹುಳುಗಳ ಗುಂಪಿನದಿರಬಹುದು. ಅವುಗಳಲ್ಲಿ ದನಗಳಿಗೆ ಗೊರಕೆ ರೋಗ ತರುವಂಥದು ಚಕ್ಕುಲಿಯಂತೆ ಸುತ್ತಿದ ಚಿಪ್ಪಿನಲ್ಲಿ ಬೆಳೆಯುತ್ತದೆ. ಈ ಗೊರಕೆಯ ಹುಳುವನ್ನು 1933ರಲ್ಲಿ ವರ್ಣಿಸಿದವರು ನಮ್ಮ ದೇಶದವರೇ ಆದ ಅನಂತನಾರಾಯಣ ರಾವ್.

ಯಕೃತ್ತಿನ ಹುಳುವಿನ ಸಂಸಾರ ವಿಚಿತ್ರ. ಎಮ್ಮೆಯ ಸಗಣಿಯೊಡನೆ ತತ್ತಿ ನೀರಿಗೆ ಬೀಳುತ್ತದೆ. ಅದರಿಂದ ಹೊರಟ ಮರಿ ಸುಮಾರು ಒಂದು ದಿನದೊಳಗೆ ಬಸವನಹುಳುವನ್ನು ಸೇರಬೇಕು, ಇಲ್ಲವೆ ಸಾಯಬೇಕು. ಸೇರಿತೋ, ಒಂದು ನೂರಾರಾಗುತ್ತದೆ. ಪಾಪ, ಮನೆ ಕೊಟ್ಟ ಬಸವನಹುಳು ತತ್ತಿಯಿಡುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಹೊರಗೆ ಚಿಪ್ಪು ನೆಟ್ಟಗೆ, ಒಳಗೆ ಬೆಳೆಯುವುದು ಪರರ ವಂಶ! ಅಲ್ಲಿಂದ ಹೊರಬಿದ್ದ ಮರಿಗಳು ನೀರಂಚಿನ ಹುಲ್ಲಿಗಂಟುತ್ತವೆ. ಹುಲ್ಲು ಎಮ್ಮೆಯ ಹೊಟ್ಟೆಗೆ. ಕುರಿಯಲ್ಲಿರುವ ಇಂಥದೇ ಹುಳುವಿನ ಈ ತಿರುಗಾಟವನ್ನು 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಬೇರೆಬೇರೆಯಾಗಿ ಬಿಡಿಸಿದರು.

ಎಮ್ಮೆಯೊಳಗೆ ಅದು ಎಲೆಯಂತೆ ಚಪ್ಪಟೆಯಾಗಿ, 7 ಸೆಂಟಿಮೀಟರಿನವರೆಗೂ ಬೆಳೆದು, ಪಿತ್ತನಾಳದಲ್ಲಿ ನೆಲೆಸುತ್ತದೆ. ಎಮ್ಮೆ ಬಡಕಲಾಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದುತ್ತದೆ, ಹಾಲು ಇಳಿಯುತ್ತದೆ. ಓದುಗರು ಗಾಬರಿಯಾಗಬೇಕಿಲ್ಲ; ಈ ಹುಳು ಹಾಲಿನಿಂದ ಹರಡದು. ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದರೆ ನಮಗೂ ಅಂಟೀತು.

ಇದನ್ನೆಲ್ಲ ಗೆಳೆಯ ಮುದುಕಿಗೆ ತಿಳಿಸಿದ: ದನದ ಡಾಕ್ಟರರಿಂದ ಔಷಧ ಹಾಕಿಸು, ನೀರಂಚಿನ ಹುಲ್ಲನ್ನು ಚೆನ್ನಾಗಿ ಒಣಗಿಸಿ ಹಾಕು, ಬಾತುಕೋಳಿ ಸಾಕಿದರೆ ಬಸವನಹುಳುವನ್ನು ಅವೇ ತಿನ್ನುತ್ತವೆ, ಎಮ್ಮೆಯನ್ನು ಕೆರೆದಂಡೆಯಲ್ಲಿ ಮೇಯಿಸಬೇಡ.

ಮುದುಕಿ ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಯದಕ್ಕೆ ಮಾತ್ರ ಕೇಳಿದಳು: "ಮೇಯಾಕ ಬಿಡೋ ಜಾಗಾದಾಗೆಲ್ಲ ಮನೀ ಎದ್ದಾವ. ಕೆರಿ ದಂಡೀನೂ ಬಿಟ್ಟರ ಎಲ್ಲಿ ಮೇಯಸ್ಲಿ, ಹೇಳ್ರಿ?"

ನಮ್ಮ ಪೇಢೆಗೆ ಭೌಗೋಳಿಕ ಗುರುತು ಸಿಕ್ಕಿತು. ಊರು ಹಿಗ್ಗಿತು, ಹಿಗ್ಗಬೇಕಾದ್ದೇ. ಆದರೆ ಪೇಢೆಗೆ ಹಾಲು ಬೇಕು, ಹಾಲಿಗೆ ಎಮ್ಮೆ ಬೇಕು, ಎಮ್ಮೆಗೆ ಒಣನೆಲದ ಹುಲ್ಲು ಬೇಕು. ಆ ಹುಲ್ಲಿನ ಜಾಗದಲ್ಲಿ ಎದ್ದಿರುವ ಮನೆಗಳಲ್ಲಿ ನಮ್ಮವೂ ಇವೆಯಲ್ಲವೆ?