ಹೊಗೆ ಹೆಚ್ಚೋ ಕಳ್ಳರು ಹೆಚ್ಚೋ

"ಹೊಗೆಗೆ ಹೆದರಿ ಯಾರಾದರೂ ಊರು ಬಿಡುತ್ತಾರಾ?" ಎಂದು ಉಮ್ಮ ಫೋನಿನಲ್ಲಿ ನಕ್ಕುಬಿಟ್ಟರು. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕಣ್ಣೀರು ಒರೆಸಿಕೊಂಡವರಿಗೆ ನನ್ನ ಮಾತು ವಿಚಿತ್ರವಾಗಿ ಕೇಳಿಸಿರಬೇಕು. ನಾನು ಬೆಳೆದದ್ದೂ ಮಂಗಳೂರು ಕಡೆಯ ಅದೇ ಮನೆಯಲ್ಲಿ. ಬೇಸಗೆಯಲ್ಲಿ ಸುಡುಮಣ್ಣಿನ ಹೊಗೆ ಎದ್ದರೆ ನಮಗೆ ಅದು ಪರಿಮಳವೇ ಆಗಿತ್ತು. ಉಮ್ಮನಿಗೆ ವರ್ಷವಿಡೀ ಕೆಮ್ಮು ಯಾಕೆಂದು ನಾವು ಮಕ್ಕಳು ಯಾರೂ ಕೇಳಿದವರಲ್ಲ.

ಇದು 2022ರ ಮಾತು. ಆಗ ನಾವಿದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊದಲ್ಲಿ. ಇವರಿಗೆ ವರ್ಗಾವಣೆ ಕೇಳುವ ಅವಕಾಶ ಬಂದಿತ್ತು. ಒಂದೋ ಉತ್ತರಕ್ಕೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್, ಇಲ್ಲದಿದ್ದರೆ ಟೆಕ್ಸಾಸ್‌ನ ಡಲ್ಲಾಸ್. ಇದ್ದಲ್ಲೇ ಇರುತ್ತೇವೆಂದರೆ ಅದಕ್ಕೂ ಅಡ್ಡಿಯಿರಲಿಲ್ಲ.

ಇವರಿಗೆ ಊರು ಬಿಡುವ ಮನಸ್ಸು ಬಂದದ್ದು ಕಳ್ಳರಿಂದ. ಅಂಗಡಿಯ ಮುಂದೆ ಹತ್ತು ನಿಮಿಷ ಕಾರು ನಿಲ್ಲಿಸಿದ್ದೆವು. ಬರುವಷ್ಟರಲ್ಲಿ ಹಿಂದಿನ ಗಾಜು ಪುಡಿಪುಡಿ, ನನ್ನ ಚೀಲ ಮಾಯ. ಹಣವೇನೂ ಹೆಚ್ಚು ಇರಲಿಲ್ಲ. ಆದರೆ ಅದರಲ್ಲಿ ಮಗಳ ಇನ್‌ಹೇಲರ್ ಇತ್ತು. ಕಳ್ಳ ಅದನ್ನು ಯಾವುದೋ ಕಸದ ತೊಟ್ಟಿಗೆ ಎಸೆದಿರುತ್ತಾನೆ. ನಾವು ಮಾತ್ರ ಅಂದು ರಾತ್ರಿ ಹೊಸದನ್ನು ಹುಡುಕಿಕೊಂಡು ಔಷಧದಂಗಡಿಗಳನ್ನು ಸುತ್ತಿದೆವು. ಮರುತಿಂಗಳು ಪಕ್ಕದ ಬೀದಿಯ ಮನೆಯೊಂದರ ಬಾಗಿಲು ಮುರಿದರು. ಅಲ್ಲಿಂದ ಇವರು ರಾತ್ರಿ ಎರಡೆರಡು ಬಾರಿ ಎದ್ದು ಚಿಲಕ ನೋಡತೊಡಗಿದರು.

ನನ್ನ ಭಯ ಬೇರೆ. 2018ರ ನವೆಂಬರ್ 8ರಂದು ಬೆಳಿಗ್ಗೆ ನಮ್ಮ ಉತ್ತರಕ್ಕಿರುವ ಪ್ಯಾರಡೈಸ್ ಎಂಬ ಪಟ್ಟಣಕ್ಕೆ ಬೆಂಕಿ ಬಿತ್ತು. ಹೆಸರು ಸ್ವರ್ಗ, ಆದದ್ದು ಮಾತ್ರ ಹಾಗಲ್ಲ. 85 ಜನ ಸತ್ತರು, ಹದಿನೆಂಟು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಬೆಂಕಿ ನಮ್ಮಲ್ಲಿಗೆ ಬರಲಿಲ್ಲ, ಹೊಗೆ ಬಂತು. ಎರಡು ಕಡೆ ಬೆಟ್ಟ, ನಡುವೆ ತೊಟ್ಟಿಯಂತಿರುವ ಕಣಿವೆ ನಮ್ಮದು. ಒಳಗೆ ಬಂದ ಹೊಗೆ ಹೊರಗೆ ಹೋಗುವುದಿಲ್ಲ. ಸುಮಾರು ಎರಡು ವಾರ, ಮಳೆ ಬೀಳುವವರೆಗೆ, ಬಟ್ಟಲಿನಲ್ಲಿಟ್ಟ ಗಂಜಿಯಂತೆ ಅಲ್ಲೇ ಕೂತಿತ್ತು. ಶಾಲೆಗಳನ್ನು ಮುಚ್ಚಿದರು. ನಾಲ್ಕು ವರ್ಷದ ಮಗಳಿಗೆ ಮೊದಲ ಬಾರಿ ಉಸಿರು ಕಟ್ಟಿದ್ದು ಆಗಲೇ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುವುದನ್ನು ನೋಡಿದ ತಾಯಿಗೆ ಬೇರೆ ವಿವರಣೆ ಬೇಡ.

ಹೊಗೆಯಲ್ಲಿರುವ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತಲೂ ಸಣ್ಣವು, ಮೂಗು ಗಂಟಲು ಅವನ್ನು ತಡೆಯಲಾರವು ಎಂದು ವೈದ್ಯೆ ಹೇಳಿದರು. ಬಟ್ಟೆಯ ಮಾಸ್ಕ್ ಸಾಲದು, ಎನ್-95 ಬೇಕು. ಅದು ಪುಟ್ಟ ಮಕ್ಕಳ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ನೂರಾರು ಕಡೆ ಬೆಂಕಿ ಹೊತ್ತಿಕೊಂಡಾಗ ಗಾಳಿ ಸೋಸುವ ಯಂತ್ರಗಳು ಅಂಗಡಿಯಲ್ಲಿ ಖಾಲಿ. ಇವರು ಚೌಕದ ಫ್ಯಾನಿನ ಹಿಂಬದಿಗೆ ಫಿಲ್ಟರನ್ನು ಟೇಪು ಸುತ್ತಿ ಅಂಟಿಸಿದರು. ಬಿಳಿಯ ಫಿಲ್ಟರ್ ಕೆಲವೇ ದಿನಗಳಲ್ಲಿ ನಮ್ಮ ಹಳೆಯ ಅಡುಗೆಮನೆಯ ಗೋಡೆಯ ಬಣ್ಣಕ್ಕೆ ತಿರುಗಿತು. ಸರಕಾರ ಗಾಳಿಯ ಗುಣಮಟ್ಟವನ್ನು ಬಣ್ಣಗಳಲ್ಲಿ ಹೇಳುತ್ತದೆ. ಹಸಿರಾದರೆ ಒಳ್ಳೆಯದು, ಆಮೇಲೆ ಹಳದಿ, ಕಿತ್ತಳೆ, ಕೆಂಪು, ನೇರಳೆ. ಮಗಳು ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಿದ್ದಳು, "ಮಮ್ಮೀ, ಇವತ್ತು ಯಾವ ಬಣ್ಣ?"

ಹೀಗೆ ನಾವಿಬ್ಬರೂ ಕಾಗದ ಹಿಡಿದು ಕೂತೆವು. ಇವರು ಅಪರಾಧದ ಲೆಕ್ಕ, ನಾನು ಹೊಗೆಯ ಲೆಕ್ಕ.

ಪೋರ್ಟ್‌ಲ್ಯಾಂಡನ್ನು ನಾನೇ ಹೊಡೆದು ಹಾಕಿದೆ. ಮಳೆಯ ಊರು, ಹಸಿರು ಊರು, ನಮ್ಮ ಕರಾವಳಿಯ ನೆನಪು ತರುವ ಊರು. ಆದರೂ 2020ರ ಸೆಪ್ಟೆಂಬರ್‌ನಲ್ಲಿ ಆರೆಗಾನ್‌ನ ಕಾಡುಗಳು ಉರಿದಾಗ ಕೆಲವು ದಿನ ಜಗತ್ತಿನ ದೊಡ್ಡ ನಗರಗಳಲ್ಲೇ ಅತಿ ಕೆಟ್ಟ ಗಾಳಿ ಅಲ್ಲಿನದಾಗಿತ್ತು.

ಇವರ ಲೆಕ್ಕ ಅಷ್ಟು ಸುಲಭವಿರಲಿಲ್ಲ. "ಕ್ಯಾಲಿಫೋರ್ನಿಯಾದಲ್ಲಿ 950 ಡಾಲರ್‌ವರೆಗೆ ಕದ್ದರೆ ಸಣ್ಣ ಅಪರಾಧವಷ್ಟೆ, ಟೆಕ್ಸಾಸಿಗೆ ಬನ್ನಿ, ಅಲ್ಲಿ ಕಾನೂನು ಬಿಗಿ" ಎಂದು ಇವರ ಗೆಳೆಯರು ಹುರಿದುಂಬಿಸುತ್ತಿದ್ದರು. ಹುಡುಕಿ ನೋಡಿದರೆ ಟೆಕ್ಸಾಸ್‌ನಲ್ಲಿ ಆ ಮಿತಿ 2,500 ಡಾಲರ್! (ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಮತ್ತೆ ಕದಿಯುವವರಿಗೆ ಕಾನೂನು ಬಿಗಿಯಾದದ್ದು 2024ರ ಜನಮತದ ನಂತರ.) ಜನಸಂಖ್ಯೆಗೆ ಹೋಲಿಸಿದರೆ ಕೊಲೆಗಳು 2021ರಲ್ಲಿ ಟೆಕ್ಸಾಸ್‌ನಲ್ಲೇ ಹೆಚ್ಚು. ಇನ್ನು ಆ ವರ್ಷ ದೇಶದ ಲೆಕ್ಕ ಬರೆಯುವ ಪದ್ಧತಿಯೇ ಬದಲಾಗಿ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳ ಅಂಕಿಗಳೇ ಸೇರಿರಲಿಲ್ಲ. ಈ ಅಂಕಿಗಳಿಂದ ಊರುಗಳಿಗೆ ಶ್ರೇಯಾಂಕ ಕೊಡಬೇಡಿ ಎಂದು ಅವನ್ನು ಪ್ರಕಟಿಸುವ ಎಫ್‌ಬಿಐ ತಾನೇ ಎಚ್ಚರಿಸುತ್ತದೆ. ನಮ್ಮ ಜನ ಅದನ್ನೇ ಬಿಟ್ಟು ಉಳಿದದ್ದೆಲ್ಲ ಓದುತ್ತಾರೆ.

ಆ ರಾತ್ರಿ ನಾನು ಇವರಿಗೆ ಹೇಳಿದ್ದು ಇಷ್ಟೆ. ಕಳ್ಳತನ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಬೀದಿ ನೋಡಿ ಮನೆ ಹಿಡಿಯಬಹುದು, ಕಾರಿನಲ್ಲಿ ಚೀಲ ಬಿಡದಿರಬಹುದು. ಹೊಗೆಗೆ ಬೀದಿಯ ಹಂಗಿಲ್ಲ, ಚಿಲಕದ ಹಂಗೂ ಇಲ್ಲ. ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಡಲ್ಲಾಸ್ ಎಂದು ಬರೆದು ಕಾಗದ ಮಡಚಿದರು. 2021ರ ಫೆಬ್ರವರಿಯ ಹಿಮದಲ್ಲಿ ಟೆಕ್ಸಾಸ್‌ನಲ್ಲಿ ವಿದ್ಯುತ್ ಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಬಂದು ವರ್ಷ ತುಂಬಿರಲಿಲ್ಲ. 2023ರ ಮೇ 6ರಂದು ನಾವು ಬಟ್ಟೆ ಕೊಳ್ಳಲು ಹೋಗುತ್ತಿದ್ದ ಆಲೆನ್‌ನ ಮಾಲ್‌ನಲ್ಲಿ ಬಂದೂಕುಧಾರಿಯೊಬ್ಬ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಮಕ್ಕಳೂ ಇದ್ದರು. ಒಳ್ಳೆಯ ಶಾಲೆ, ಶಾಂತ ಬೀದಿ ಎಂದು ಹುಡುಕಿಕೊಂಡು ಎಲ್ಲರೂ ಬರುವ ಊರು ಅದು. ಇವರು ಅಂದು ರಾತ್ರಿ ಮತ್ತೆ ಎದ್ದು ಚಿಲಕ ನೋಡಿದರು. ನಾನು ಏನೂ ಹೇಳಲಿಲ್ಲ. ಮರುತಿಂಗಳು ಕೆನಡಾದ ಕಾಡಿನ ಹೊಗೆಯಿಂದ ನ್ಯೂಯಾರ್ಕಿನ ಆಕಾಶ ಕಿತ್ತಳೆಯಾಯಿತು. ಬೆಂಕಿಯೇ ಇಲ್ಲದ ಊರೆಂದು ನಾವು ಪಟ್ಟಿಗೆ ಬರೆದಿದ್ದ ಊರುಗಳಲ್ಲಿ ಅದೂ ಒಂದು.

ಇಲ್ಲಿ ಹೊಗೆ ಕಡಿಮೆ, ನಿಜ. ಆದರೆ ಬೇಸಗೆಯ ಬಿಸಿಲಿಗೆ ವಾಹನಗಳ ಹೊಗೆ ಬೆಂದು ಓಝೋನ್ ಆಗುತ್ತದೆ. ಅದೂ ಉಬ್ಬಸಕ್ಕೆ ಒಳ್ಳೆಯದಲ್ಲ. ಆ ದಿನಗಳಲ್ಲಿ ಮಗಳು ಮಧ್ಯಾಹ್ನ ಆಟಕ್ಕೆ ಹೋಗುವುದಿಲ್ಲ, ಸಂಜೆ ತಡವಾಗಿ ಹೋಗುತ್ತಾಳೆ. ಬಂದ ಮೇಲೆ ಆಸ್ಪತ್ರೆಗೆ ಓಡಿದ್ದು ಒಂದೇ ಸಲ. ಅಲ್ಲಿದ್ದಾಗ ವರ್ಷಕ್ಕೆ ಮೂರು ಸಲ ಓಡಿದ್ದೂ ಉಂಟು.

ಉಮ್ಮನಿಗೆ ಅಣ್ಣ ಗ್ಯಾಸ್ ಒಲೆ ಕೊಡಿಸಿದ್ದಾನೆ. ಬಚ್ಚಲ ನೀರಿಗೆ ಮಾತ್ರ ಇಂದಿಗೂ ಸೌದೆಯೇ. ಟೇಪು ಸುತ್ತಿದ ಫ್ಯಾನನ್ನು "ಟೆಕ್ಸಾಸಿಗೆ ಇದೇಕೆ?" ಎಂದು ಇವರು ಬಿಟ್ಟು ಬರಲು ಹೊರಟಿದ್ದರು, ನಾನೇ ಲಾರಿಗೆ ಹಾಕಿಸಿದೆ. ಈಗ ಅದು ಗ್ಯಾರೇಜಿನ ಅಟ್ಟದ ಮೇಲಿದೆ. ಇನ್‌ಹೇಲರ್ ಎರಡಿವೆ, ಒಂದು ಶಾಲೆಯಲ್ಲಿ, ಒಂದು ನನ್ನ ಕೈಚೀಲದಲ್ಲಿ. ಕಾರಿನಲ್ಲಿ ಬಿಡುವುದಿಲ್ಲ. ಕಳ್ಳರಿಗಾಗಿ ಅಷ್ಟೇ ಅಲ್ಲ, ಇಲ್ಲಿನ ಬಿಸಿಲಿಗೆ ಕಾರಿನೊಳಗಿಟ್ಟರೆ ಅದು ಕೆಟ್ಟುಹೋಗುತ್ತದೆ.